ಫರಸಿ ಕಲ್ಲಿನ ನಾಡಿನಿಂದ ನೇತ್ರಾಣಿಯ ತಳಕ್ಕೆ

ಜೇವರ್ಗಿ ಕಡೆಯ ಹಳೇ ಮನೆಗಳ ಅಡುಗೆಮನೆ ನೆಲವನ್ನು ಗಮನಿಸಿ. ಹಾಸಿದ್ದು ಶಹಾಬಾದ್ ಫರಸಿ. ಉಪ್ಪಿನಕಾಯಿ ಭರಣಿ ಇಡುವ ಮೂಲೆಯಲ್ಲಿ, ಒಲೆಯ ಪಕ್ಕದಲ್ಲಿ ಮಂಕು ಬಿಳಿ ಕಲೆಗಳಿರುತ್ತವೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹೋಗಲು ಅದು ಮೇಲೆ ಅಂಟಿದ ಕಲೆಯಾಗಿದ್ದರೆ ತಾನೆ? ನಿಂಬೆಹುಳಿ ಬಿದ್ದ ಜಾಗದಲ್ಲಿ ಕಲ್ಲೇ ಕರಗಿರುತ್ತದೆ. ಫರಸಿ ಎಂದರೆ ಸುಣ್ಣದ ಕಲ್ಲು. ಹುಳಿ ತಾಗಿದರೆ ಸವೆಯುವುದು ಅದರ ಗುಣ.

ಈ ಸುಣ್ಣ ನಮ್ಮ ನೆಲಕ್ಕೆ ಬಂದಿದ್ದು ಸಮುದ್ರದಿಂದ. 1870ರ ದಶಕದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಮತ್ತು ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಪದರಗಲ್ಲುಗಳನ್ನು ನೋಡಿ, ಹೊಳೆಯ ಹೆಸರನ್ನೇ ಅವುಗಳಿಗೆ ಇಟ್ಟರು. ಇಂದಿಗೂ ಭೂವಿಜ್ಞಾನದ ಪುಸ್ತಕಗಳಲ್ಲಿ ಇದು ‘ಭೀಮಾ ಜಲಾನಯನ’. ಸೇಡಂ, ಚಿತ್ತಾಪುರ, ಶಹಾಬಾದ್‌ಗಳಿಂದ ಜೇವರ್ಗಿಯ ಒಂದು ಭಾಗವನ್ನು ಹಾದು ಸುರಪುರ, ತಾಳಿಕೋಟೆಯತ್ತ ಹಬ್ಬಿರುವ ಈ ಸುಣ್ಣಗಲ್ಲು, ನೂರು ಕೋಟಿ ವರ್ಷದ ಆಸುಪಾಸಿನಲ್ಲಿ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತದ್ದು. ಆ ಕಡಲಿನಲ್ಲಿ ಮೀನಿರಲಿಲ್ಲ, ಏಡಿ ಇರಲಿಲ್ಲ, ಹವಳವೂ ಇರಲಿಲ್ಲ. ಕಣ್ಣಿಗೆ ಕಾಣದ ಜೀವಾಣುಗಳು, ಪಾಚಿ ಅಷ್ಟೇ. ಆಳಂದ, ಅಫಜಲಪುರದವರ ಕಾಲಡಿಯ ಕಥೆ ಬೇರೆ. ಅಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಎಲ್ಲವನ್ನೂ ಮುಚ್ಚಿತು. ಅದು ಹುಡಿಯಾಗಿಯೇ ಇಂದಿನ ತೊಗರಿ ಬೆಳೆಯುವ ಕರಿ ಎರೆ ಮಣ್ಣಾಗಿದೆ.

ಇಷ್ಟು ಪೀಠಿಕೆ ಏಕೆಂದರೆ, ಕಡಲ ತಳದಲ್ಲಿ ಸುಣ್ಣ ಕಟ್ಟುವ ಕೆಲಸವನ್ನು ಇವತ್ತೂ ಕಣ್ಣಾರೆ ನೋಡುವ ಜಾಗವೊಂದು ನಮ್ಮ ರಾಜ್ಯದಲ್ಲೇ ಇದೆ. ಕಲಬುರಗಿಯಿಂದ ರಸ್ತೆಯಲ್ಲಿ ಐನೂರು ಕಿಲೋಮೀಟರ್‌ಗೂ ಮೇಲೆ. ವಿಜಯಪುರ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಮುರುಡೇಶ್ವರ ಮುಟ್ಟಿ, ಅಲ್ಲಿಂದ ದೋಣಿ ಹತ್ತಬೇಕು. ಸುಮಾರು 19 ಕಿಲೋಮೀಟರ್ ಪಡುವಣಕ್ಕೆ ಹೋದರೆ ನೇತ್ರಾಣಿ.

ನಮ್ಮ ಭಾಗದವರಿಗೆ ಪಶ್ಚಿಮದ ಕಡಲು ಪರಕೀಯ ಅನ್ನಿಸಿದರೆ ಆಶ್ಚರ್ಯವಿಲ್ಲ. ಭೀಮೆ ಹರಿಯುವುದೇ ಎದುರು ದಿಕ್ಕಿಗೆ. ಗಾಣಗಾಪುರದ ಸಂಗಮದಲ್ಲಿ ಅಮರ್ಜಾವನ್ನು ಸೇರಿಸಿಕೊಂಡು, ರಾಯಚೂರಿನ ಹತ್ತಿರ ಕೃಷ್ಣೆಗೆ ಕೂಡಿ, ಬಂಗಾಳಕೊಲ್ಲಿಗೆ ಹೋಗುವ ನೀರು ಅದು. ನೀರೆಂದರೆ ನಮಗೆ ಬಾವಿ, ಹಳ್ಳ, ಹೊಳೆ, 2020ರ ಅಕ್ಟೋಬರ್‌ನಲ್ಲಿ ಸೊನ್ನ ಬ್ಯಾರೇಜ್ ಕೆಳಗಿನ ಊರುಗಳಿಗೆ ನುಗ್ಗಿದ ಪ್ರವಾಹ. ನಮ್ಮ ಹೊಳೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ಸ್ವಂತ ಅಂಗೈ ಕಾಣುವುದಿಲ್ಲ. ಯಾರಾದರೂ ಮುಳುಗಿದಾಗ ಹುಡುಕಲು ಇಳಿಯುವವರು ಕೈಯಿಂದ ತಡವುತ್ತಲೇ ಹುಡುಕಬೇಕು. ನೀರಿನೊಳಗೆ ‘ನೋಡುವುದಕ್ಕೆ’ ಇಳಿಯುತ್ತಾರೆ ಎಂದರೆ ಊರಲ್ಲಿ ಹಿರಿಯರು ಕೇಳುವುದು ಒಂದೇ ಮಾತು: ‘ಅಲ್ಲಿ ಏನ್ ಐತಂತ ನೋಡಾಕ ಹೋಗ್ತೀರಿ?’

ಬಹಳ ಇದೆ ಅಜ್ಜ.

ಮರಳಿಲ್ಲದ ದ್ವೀಪ

ಉಷ್ಣವಲಯದ ದ್ವೀಪ ಎಂದ ಕೂಡಲೇ ಸಿನಿಮಾ ಹಾಡಿನ ತೆಂಗಿನ ಸಾಲು, ಬಿಳಿ ಮರಳು ನೆನಪಾಗುತ್ತದೆ. ನೇತ್ರಾಣಿ ಹಾಗಿಲ್ಲ. ಕಡಲಿನಿಂದ ನೇರ ಎದ್ದ ಕಲ್ಲುಗುಡ್ಡ, ಮೇಲೆ ಕಾಡು, ಸುತ್ತ ಕಡಿದಾದ ಬಂಡೆ. ಮೇಲಿಂದ ತೆಗೆದ ಚಿತ್ರಗಳಲ್ಲಿ ಹೃದಯದ ಆಕಾರ ಕಾಣುವುದರಿಂದ ಪ್ರವಾಸೋದ್ಯಮದವರಿಗೆ ಇದು ‘ಹೃದಯ ದ್ವೀಪ’. ಬ್ರಿಟಿಷರ ನಕ್ಷೆಗಳಲ್ಲಿ ಪಾರಿವಾಳಗಳಿಂದಾಗಿ ‘ಪಿಜನ್ ಐಲ್ಯಾಂಡ್’. ಭಟ್ಕಳ ತಾಲ್ಲೂಕಿಗೆ ಸೇರಿದ ಇಲ್ಲಿ ಜನವಸತಿಯಿಲ್ಲ. ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಮೀನುಗಾರರು ನಂಬುವ ಜಟ್ಟಿಗ ದೇವರ ನೆಲೆ ಇದೆ. ಹರಕೆಗೆ ಬಿಟ್ಟ ಆಡುಗಳು ಅಲ್ಲೇ ಕಾಡಾಡುಗಳಾಗಿ ಬಾಳುತ್ತಿವೆ. ಡೈವಿಂಗ್‌ಗೆ ಹೋದವರು ದ್ವೀಪದ ಮೇಲೆ ಕಾಲಿಡುವುದಿಲ್ಲ. ದೋಣಿಯಿಂದ ನೇರ ನೀರಿಗೆ, ನೀರಿನಿಂದ ನೇರ ದೋಣಿಗೆ.

ನೇತ್ರಾಣಿಗೆ ಇನ್ನೊಂದು ಚರಿತ್ರೆಯೂ ಇದೆ. ನೌಕಾಪಡೆ ದಶಕಗಳ ಕಾಲ ಇದನ್ನು ಗುಂಡು ಹಾರಿಸುವ ಅಭ್ಯಾಸದ ಗುರಿಯಾಗಿ ಬಳಸಿತು. ಕಾರವಾರದ ಕಡಲ ಜೀವವಿಜ್ಞಾನಿಗಳು, ಪರಿಸರ ಕಾರ್ಯಕರ್ತರು ಇದರ ವಿರುದ್ಧ ಬರೆದರು, ಮನವಿ ಕೊಟ್ಟರು. ದೇಶದ ರಕ್ಷಣೆಗೆ ಅಭ್ಯಾಸ ಬೇಕು, ಒಪ್ಪೋಣ. ಆದರೆ ಅದಕ್ಕೆ ರಾಜ್ಯದ ಕರಾವಳಿಯಲ್ಲಿ ಹವಳ ಇಷ್ಟು ಚೆನ್ನಾಗಿ ಬೆಳೆದ ಬಂಡೆಯೇ ಆಗಬೇಕಿತ್ತೆ?

ಕರ್ನಾಟಕದ ಕರಾವಳಿ ಉದ್ದಕ್ಕೂ ಹವಳ ಏಕಿಲ್ಲ, ನೇತ್ರಾಣಿಯಲ್ಲೇ ಏಕೆ? ಉತ್ತರ ಮಳೆಗಾಲದಲ್ಲಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದ ಕೆಂಪು ಮಣ್ಣನ್ನು ತಂದು ದಂಡೆಗೆ ಸುರಿಯುತ್ತವೆ. ರಾಡಿ ನೀರಿನಲ್ಲಿ ಬಿಸಿಲು ತಳ ಮುಟ್ಟುವುದಿಲ್ಲ, ಬಿಸಿಲಿಲ್ಲದೆ ಹವಳ ಬದುಕುವುದಿಲ್ಲ. ದಂಡೆಯಿಂದ ದೂರವಿರುವುದೇ ನೇತ್ರಾಣಿಯ ಪುಣ್ಯ. ಹಾಗೆಂದು ಇದು ಲಕ್ಷದ್ವೀಪವಲ್ಲ. ಅಲ್ಲಿ ಹವಳವೇ ದ್ವೀಪವನ್ನು ಕಟ್ಟಿದೆ. ಇಲ್ಲಿ ಇದ್ದ ಬಂಡೆಗಳ ಮೇಲೆ ಹವಳ ಅಲ್ಲಲ್ಲಿ ಹಬ್ಬಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ ಹವಳ ಮತ್ತು ಮೀನುಗಳ ಪಟ್ಟಿಯನ್ನು 2008ರಲ್ಲಿ ಪ್ರಕಟಿಸಿದರು. ಅಂಡಮಾನ್‌ನ ವೈಭವ ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗಬಹುದು. ಮೊದಲ ಸಲ ಇಳಿಯುವವರಿಗೆ ಇಷ್ಟೇ ಧಾರಾಳ.

ಕಲ್ಲು ಕಟ್ಟುವ ಜೀವಿ

ಹವಳವನ್ನು ದೂರದಿಂದ ನೋಡಿದರೆ ಬಂಡೆ. ಮುಖವಾಡದ ಗಾಜನ್ನು ಒಂದಡಿ ಹತ್ತಿರ ಒಯ್ದರೆ ಮೈತುಂಬ ಸಣ್ಣ ಸಣ್ಣ ಕುಳಿಗಳು. ಒಂದೊಂದು ಕುಳಿಯಲ್ಲೂ ಒಂದೊಂದು ಜೀವಿ. ಹಲವು ಜಾತಿಗಳಲ್ಲಿ ಅದು ಜೋಳದ ಕಾಳಿಗಿಂತ ದೊಡ್ಡದಿರುವುದಿಲ್ಲ. ಇದೇ ಪಾಲಿಪ್. ಮೆತ್ತನೆ ದೇಹ, ನಡುವೆ ಬಾಯಿ, ಸುತ್ತ ಕುಡಿಗಳು. ಕಡಲ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನಡಿಗೆ ತಾನೇ ಕಲ್ಲಿನ ಪೀಠ ಕಟ್ಟಿಕೊಳ್ಳುತ್ತದೆ. ಅಕ್ಕಪಕ್ಕದ ಸಾವಿರಾರು ಪಾಲಿಪ್‌ಗಳೂ ಅದನ್ನೇ ಮಾಡುತ್ತವೆ. ಹಳೆಯ ಪೀಠದ ಮೇಲೆ ಹೊಸ ಪದರ ಏರುತ್ತದೆ. ನೇತ್ರಾಣಿಯಲ್ಲಿರುವ ಪೊರೈಟಿಸ್ ಬಗೆಯ ಗುಂಡು ಹವಳಗಳು ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಸುತ್ತಮುತ್ತ. ತೊಡೆಯೆತ್ತರದ ಒಂದು ಗುಂಡು ಕಂಡರೆ ಅದು ನಿಮಗಿಂತ ಹಿರಿಯದು ಎಂದು ತಿಳಿಯಿರಿ.

ಪಾಲಿಪ್‌ನ ಚರ್ಮದೊಳಗೆ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ. ಬಿಸಿಲಿನಿಂದ ಅದು ತಯಾರಿಸಿದ ಸಕ್ಕರೆಯಲ್ಲಿ ಬಹುಪಾಲು ಹವಳಕ್ಕೇ ಸಲ್ಲುತ್ತದೆ. ಹವಳದ ಬಣ್ಣವೂ ಬಹುಮಟ್ಟಿಗೆ ಈ ಪಾಚಿಯದೇ. ಕಡಲು ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ನಿಂತರೆ ಹವಳ ಪಾಚಿಯನ್ನು ಹೊರದಬ್ಬುತ್ತದೆ, ಮೈ ಬಿಳಿಚುತ್ತದೆ. ಬೇಗ ತಂಪಾದರೆ ಚೇತರಿಕೆ, ಇಲ್ಲವಾದರೆ ಹಸಿವಿನ ಸಾವು. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಬಿದ್ದ ಏಟು ಇದೇ. ಜಗತ್ತಿನ ಕಡಲುಗಳಲ್ಲಿ ನಾಲ್ಕನೇ ಸಾಮೂಹಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು ವಿಜ್ಞಾನಿಗಳು ಘೋಷಿಸಿದ್ದು 2024ರ ಏಪ್ರಿಲ್‌ನಲ್ಲಿ.

ಇಳಿಯುವ ಹೊತ್ತು

ಈಜು ಬಾರದವರೂ ಇಳಿಯಬಹುದು. ಇದನ್ನು ನಂಬುವವರು ಕಡಿಮೆ, ಆದರೆ ನಿಜ. ಪರವಾನಗಿ ಇಲ್ಲದವರಿಗೆಂದೇ ಇರುವ ಪರಿಚಯ ಡೈವ್‌ನಲ್ಲಿ ತರಬೇತುದಾರರು ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ಆಳ ಹನ್ನೆರಡು ಮೀಟರ್ ದಾಟುವುದಿಲ್ಲ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ. ಸಮಯ ಅರ್ಧ ಗಂಟೆಯ ಒಳಗೆ. ದೋಣಿಯ ಪಯಣವೇ ಅದಕ್ಕಿಂತ ಬಹಳ ಉದ್ದ. ಹೊಟ್ಟೆ ತುಂಬ ಪೂರಿ ತಿಂದು ದೋಣಿ ಹತ್ತಿದವರು ಮೀನುಗಳಿಗೆ ಊಟ ಬಡಿಸಿಯೇ ಮರಳುತ್ತಾರೆ.

ಬೆನ್ನಿಗೆ ಕಟ್ಟುವುದನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅನ್ನುತ್ತಾರೆ, ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. 200 ಬಾರ್ ಒತ್ತಡದಲ್ಲಿ ಎರಡು ಸಾವಿರ ಲೀಟರಿನಷ್ಟು ಗಾಳಿ ಆ ಕೊಳವೆಯಲ್ಲಿ ಹಿಡಿಯುತ್ತದೆ. ಅಷ್ಟು ಒತ್ತಡದ ಗಾಳಿ ನೇರ ಬಾಯಿಗೆ ಬಂದರೆ ಕಥೆ ಮುಗಿಯಿತು. ನೀವಿರುವ ಆಳಕ್ಕೆ ತಕ್ಕ ಒತ್ತಡದಲ್ಲಿ, ನೀವು ಎಳೆದುಕೊಂಡಾಗ ಮಾತ್ರ ಗಾಳಿ ಬಿಡುವ ಕವಾಟ ಅದಕ್ಕಿದೆ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಸೇರಿ ರೂಪಿಸಿದ್ದು ಇದನ್ನೇ. ಇಂದಿನ ಸ್ಕೂಬಾ ಡೈವಿಂಗ್ ಬೆಳೆದದ್ದು ಅಲ್ಲಿಂದ.

ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಹತ್ತು ಮೀಟರಿನಲ್ಲಿ ಮೇಲಿನ ಎರಡು ಪಟ್ಟು. ಇದು ಮೊದಲು ತಿಳಿಯುವುದು ಕಿವಿಗೆ. ಎರಡು ಮೀಟರ್ ಇಳಿಯುವಷ್ಟರಲ್ಲಿ ತಮಟೆ ಒಳಗೆ ಒತ್ತಿದಂತಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಸರಿಹೋಗುತ್ತದೆ. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ ಊದುತ್ತ ಇಳಿಯಬೇಕು. ಇನ್ನೊಂದು ನಿಯಮ ಎಲ್ಲಕ್ಕಿಂತ ದೊಡ್ಡದು: ಉಸಿರು ಬಿಗಿಹಿಡಿಯಬಾರದು. ಬಾವಿಗೆ ಧುಮುಕಿ ಬೆಳೆದವರಿಗೆ ಇದು ಕಷ್ಟ, ಏಕೆಂದರೆ ನೀರಿಗೆ ಬಿದ್ದೊಡನೆ ಉಸಿರು ಕಟ್ಟುವುದು ನಮ್ಮ ಅಭ್ಯಾಸ. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಒಂದು ಎದೆ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ. ಬಾಯಿ ಮುಚ್ಚಿ ಮೇಲೇರಿದರೆ ಶ್ವಾಸಕೋಶ ಹರಿಯಬಹುದು.

ಕೈಸನ್ನೆಯ ಎಡವಟ್ಟು ಮಜವಾದದ್ದು. ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ‘ಎಲ್ಲ ಸರಿಯಿದೆ’ ಎನ್ನಲು ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ದೋಣಿಯಲ್ಲಿ ಎಷ್ಟು ಸಲ ಹೇಳಿಕೊಟ್ಟರೂ, ಮೊದಲ ಬಣ್ಣದ ಮೀನು ಕಂಡದ್ದೇ ತಡ, ನಮ್ಮವರು ಸಂಭ್ರಮದಿಂದ ಹೆಬ್ಬೆರಳು ಎತ್ತಿಬಿಡುತ್ತಾರೆ. ತರಬೇತುದಾರರು ಪಾಪ, ಮೇಲೆ ಕರೆದೊಯ್ಯಲು ಸಜ್ಜಾಗುತ್ತಾರೆ.

ಇಳಿಯುತ್ತ ಹೋದಂತೆ ಬಣ್ಣಗಳು ಒಂದೊಂದಾಗಿ ಕಳಚುತ್ತವೆ. ನೀರು ಮೊದಲು ನುಂಗುವುದು ಕೆಂಪನ್ನು. ಗಾಣಗಾಪುರದಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಮಣಿಕಟ್ಟಿನಲ್ಲಿದ್ದರೆ ಹತ್ತು ಮೀಟರಿನಲ್ಲಿ ಅದು ಕಂದುಗಪ್ಪು. ಟಾರ್ಚ್ ಬಿಟ್ಟರೆ ಕೆಂಪು ಮತ್ತೆ ಹಾಜರ್. ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗದಲ್ಲಿ ಬರುವುದರಿಂದ ಯಾವ ದಿಕ್ಕಿನದು ಎಂದು ಕಿವಿಗೆ ಹತ್ತುವುದಿಲ್ಲ. ಸುತ್ತಲೂ ಚಟಪಟ ಚಟಪಟ ಕೇಳುತ್ತಲೇ ಇರುತ್ತದೆ. ಅದರಲ್ಲಿ ಹೆಚ್ಚಿನದು ಬೆರಳುದ್ದದ ಸೀಗಡಿಗಳು ಕೊಂಡಿ ಚಿಟಿಕೆ ಹೊಡೆಯುವ ಸದ್ದು.

ಉಳಿದ ಕಟಕಟ ಗಿಳಿಮೀನಿನದು. ಕೊಕ್ಕಿನಂಥ ಹಲ್ಲಿನಿಂದ ಅದು ಹವಳದ ಮೈಯನ್ನೇ ಕೆರೆದು ಪಾಚಿ ತಿನ್ನುತ್ತದೆ, ಜೊತೆಗೆ ಕಲ್ಲನ್ನೂ. ಗಂಟಲಲ್ಲಿರುವ ಇನ್ನೊಂದು ಜೊತೆ ಹಲ್ಲು ಕಲ್ಲನ್ನು ಹಿಟ್ಟು ಮಾಡುತ್ತದೆ. ಸ್ವಲ್ಪ ಹೊತ್ತು ಹಿಂಬಾಲಿಸಿದರೆ ಹಿಂದಿನಿಂದ ಬಿಳಿ ಪುಡಿಯ ಮೋಡ ಬಿಡುವುದು ಕಾಣುತ್ತದೆ. ಮಾಲ್ಡೀವ್ಸ್‌ನ ಜಾಹೀರಾತಿನಲ್ಲಿ ಮಿಂಚುವ ಬಿಳಿ ಮರಳಿನ ಬಹುಪಾಲು ಇದೇ. ಅದರ ಮೇಲೆ ಮದುವೆ ಫೋಟೊ ತೆಗೆಸುವವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಚಿಟ್ಟೆಮೀನುಗಳು ಹೆಚ್ಚಾಗಿ ಜೋಡಿಯಲ್ಲೇ ತಿರುಗುತ್ತವೆ. ಬಂಡೆಯ ಸಂದಿಯಲ್ಲಿ ತಲೆ ಹೊರಗಿಟ್ಟು ಬಾಯಿ ತೆರೆದು ಮುಚ್ಚುವ ಮೊರೆ ಈಲ್ ಕಂಡರೆ ಹೊಸಬರು ಬೆಚ್ಚುತ್ತಾರೆ. ಅದು ಬೆದರಿಕೆಯಲ್ಲ, ಉಸಿರಾಟ. ಕಿವಿರಿಗೆ ನೀರು ಹಾಯಿಸಲು ಹಾಗೆ ಮಾಡುತ್ತದೆ. ಸಂದಿಗೆ ಕೈ ಹಾಕದಿದ್ದರೆ ಅದು ನಿಮ್ಮ ತಂಟೆಗೆ ಬರುವುದಿಲ್ಲ. ಸಿಂಹಮೀನಿನ ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ, ಅದಕ್ಕೇ ಅದು ಯಾರಿಗೂ ಹೆದರದೆ ನಿಧಾನ ತೇಲುತ್ತದೆ. ಇನ್ನು ತಳದ ಮರಳಲ್ಲಿ ತೊರಕೆ, ಗುಹೆಬಾಯಲ್ಲಿ ಮುರು ಎಂಬ ದೊಡ್ಡ ಮೀನು, ನೀಲಿಯ ಅಂಚಿನಲ್ಲಿ ಬರಕುಡಗಳ ಹಿಂಡು. ಅದೃಷ್ಟವಿದ್ದರೆ ಕಡಲಾಮೆ, ಮಹಾ ಅದೃಷ್ಟವಿದ್ದರೆ ತಿಮಿಂಗಿಲ ಶಾರ್ಕ್. ಜಗತ್ತಿನ ಅತಿದೊಡ್ಡ ಮೀನು ಅದು, ತಿನ್ನುವುದು ಮಾತ್ರ ಪ್ಲವಕಗಳಂಥ ಸಣ್ಣಪುಟ್ಟ ಜೀವಿಗಳನ್ನು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಬೆರಳುದ್ದದ, ನೀಲಿ ಗೀರಿನ ಒಂದು ಮೀನನ್ನು. ಕ್ಲೀನರ್ ರಾಸ್ ಎಂದು ಹೆಸರು. ಒಂದು ನಿಶ್ಚಿತ ಬಂಡೆಯ ಬಳಿ ಅದು ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಅದನ್ನು ಒಂದೇ ತುತ್ತಿಗೆ ನುಂಗಬಲ್ಲ ಮುರು ಬಂದು ಅಲ್ಲಿ ನಿಲ್ಲುತ್ತದೆ, ಬಾಯಿ ಅಗಲಿಸುತ್ತದೆ, ಕಿವಿರು ಎತ್ತುತ್ತದೆ. ಪುಟ್ಟ ಮೀನು ಬಾಯೊಳಗೇ ಹೊಕ್ಕು ಹಲ್ಲಿನ ಸಂದಿಯ ಪರೋಪಜೀವಿಗಳನ್ನು ಹೆಕ್ಕಿ ಕಿವಿರಿನಿಂದ ಹೊರಬರುತ್ತದೆ. ಕೆಲಸ ಮುಗಿದ ಮೇಲೆ ಮುರು ಒಮ್ಮೆ ಮೈ ಜಾಡಿಸಿ ಹೊರಟುಹೋಗುತ್ತದೆ. ಹಿಂದೆ ಇನ್ನೊಂದು ಕಾದಿರುತ್ತದೆ.

ಕ್ಯಾಮೆರಾ ಬಂದ ಮೇಲೆ

2022ರ ಅಕ್ಟೋಬರ್ 28ರಂದು ‘ಗಂಧದ ಗುಡಿ’ ತೆರೆಗೆ ಬಂತು. ಪುನೀತ್ ರಾಜ್‌ಕುಮಾರ್, ಚಿತ್ರದ ನಿರ್ದೇಶಕ ಅಮೋಘವರ್ಷ ಅವರೊಂದಿಗೆ ನೇತ್ರಾಣಿಯ ನೀರಿಗಿಳಿದದ್ದನ್ನು ನಾಡೇ ನೋಡಿತು. ಅಲ್ಲಿಯವರೆಗೆ ಬೆಂಗಳೂರಿನ ಐಟಿ ಹುಡುಗರ ವಾರಾಂತ್ಯದ ಹವ್ಯಾಸವಾಗಿದ್ದದ್ದು ಅಪ್ಪು ಅಭಿಮಾನಿಗಳ ಬಯಕೆಯ ಪಟ್ಟಿಗೂ ಸೇರಿತು. ನಮ್ಮ ತಾಲ್ಲೂಕುಗಳ ಹುಡುಗರೂ ಈಗ ಮುರುಡೇಶ್ವರದ ಶಿವನ ದರ್ಶನದ ಜೊತೆ ಇದನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಒಳ್ಳೆಯದೇ.

ನನ್ನ ತಕರಾರು ಒಂದಿದೆ. ಪರಿಚಯ ಡೈವ್‌ಗೆ ಹೋದ ಬಹಳ ಜನ ನೀರೊಳಗೆ ನೋಡುವುದು ತರಬೇತುದಾರರ ಕೈಯಲ್ಲಿರುವ ಕ್ಯಾಮೆರಾವನ್ನು. ಇಪ್ಪತ್ತು ನಿಮಿಷದಲ್ಲಿ ಹತ್ತು ನಿಮಿಷ ಭಂಗಿಗೆ ಹೋಗುತ್ತದೆ. ಫೋಟೊಕ್ಕೆ ಮೀನು ಹತ್ತಿರ ಬರಲೆಂದು ಬಿಸ್ಕತ್ತು ಉದುರಿಸುವ ಚಾಳಿ ಪ್ರವಾಸಿ ಕಡಲುಗಳಲ್ಲೆಲ್ಲ ಇದೆ. ಪಾಚಿ ತಿಂದು ಹವಳವನ್ನು ಶುಚಿಯಾಗಿಡಬೇಕಾದ ಮೀನಿಗೆ ಮೈದಾ ಹಾಕಿದರೆ ಅದರ ಹೊಟ್ಟೆಗೂ ಕೇಡು, ಹವಳಕ್ಕೂ ಕೇಡು. ಸಮತೋಲ ತಪ್ಪಿದಾಗ ಹವಳದ ಮೇಲೆ ಕೈ ಊರುವುದು, ಕಾಲಿನ ರೆಕ್ಕೆಯಿಂದ ಒದೆಯುವುದು ಇನ್ನೊಂದು. ಕಲ್ಲೆಂದು ಮುಟ್ಟುವುದು ಜೀವಿಯ ಚರ್ಮವನ್ನು. ಬಂಡೆಹವಳ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಹುಲಿಯೂ ಅದೇ ಪಟ್ಟಿಯಲ್ಲಿದೆ. ಒಂದು ತುಂಡು ಮುರಿದು ಜೇಬಿಗಿಟ್ಟುಕೊಂಡರೂ ಅಪರಾಧ.

ದೋಣಿಗಳು ಹೆಚ್ಚಾದಷ್ಟೂ ಲಂಗರುಗಳು ಹೆಚ್ಚು. ಒಂದು ಲಂಗರು ತಪ್ಪಾಗಿ ಬಿದ್ದರೆ ನೂರು ವರ್ಷದ ಬೆಳವಣಿಗೆ ಒಂದು ಕ್ಷಣದಲ್ಲಿ ಪುಡಿ. ಇದಕ್ಕೆ ಪರಿಹಾರ ರಾಕೆಟ್ ವಿಜ್ಞಾನವೇನಲ್ಲ: ತಳಕ್ಕೆ ಕಾಯಂ ಬಿಗಿದ ತೇಲುಬುರುಡೆಗಳಿಗೇ ಎಲ್ಲ ದೋಣಿಗಳನ್ನೂ ಕಟ್ಟಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರಬೇಕು. ಹೊನ್ನಾವರದ ಹತ್ತಿರ ಅಪ್ಸರಕೊಂಡ–ಮುಗಳಿಯಲ್ಲಿ ಕಡಲ ವನ್ಯಧಾಮ ಮಾಡಿರುವ ಸರ್ಕಾರಕ್ಕೆ ನೇತ್ರಾಣಿಗೂ ಅಷ್ಟೇ ಗಟ್ಟಿಯಾದ ರಕ್ಷಣೆ ಕೊಡುವುದು ಅಸಾಧ್ಯವೇನಲ್ಲ.

ಇನ್ನು ನಮ್ಮದೇ ಜಿಲ್ಲೆಯ ಪಾಲು. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಲ್ಲಿ ಸಿಮೆಂಟಿಗಾಗಿ ಸುಡುವುದು ಆ ಹಳೆಯ ಕಡಲಿನ ಸುಣ್ಣವನ್ನೇ. ಒಂದು ಟನ್ ಶುದ್ಧ ಸುಣ್ಣಗಲ್ಲನ್ನು ಸುಟ್ಟರೆ 560 ಕಿಲೋ ಸುಣ್ಣ ಉಳಿದು 440 ಕಿಲೋ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಕುಲುಮೆಗೆ ಹಾಕಿದ ಕಲ್ಲಿದ್ದಲಿನ ಹೊಗೆಯ ಲೆಕ್ಕ ಬೇರೆ. ಮನುಷ್ಯ ಹೀಗೆ ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಆ ಅನಿಲ ಕಾರ್ಬಾನಿಕ್ ಆಮ್ಲವಾಗುತ್ತದೆ, ಅಂದರೆ ಹುಳಿ. ಕೈಗಾರಿಕಾ ಯುಗ ಶುರುವಾದಾಗಿನಿಂದ ಜಗತ್ತಿನ ಕಡಲ ಮೇಲ್ಪದರದ ಆಮ್ಲೀಯತೆ ಸುಮಾರು ಶೇ 30ರಷ್ಟು ಏರಿದೆ. ಕಡಲ ನೀರು ಇನ್ನೂ ಕ್ಷಾರದ ಕಡೆಗೇ ಇದೆ, ನಿಂಬೆರಸವಾಗಿಲ್ಲ, ಹವಳ ಕಣ್ಣೆದುರೇ ಕರಗುತ್ತಿಲ್ಲ. ಆದರೆ ಪಾಲಿಪ್‌ಗೆ ಪೀಠ ಕಟ್ಟಲು ಬೇಕಾದ ಕಾರ್ಬೊನೇಟ್ ನೀರಿನಲ್ಲಿ ಕಡಿಮೆಯಾಗುತ್ತಿದೆ. ಸಿಮೆಂಟ್ ಬೇಡ ಎನ್ನುವ ಸ್ಥಿತಿಯಲ್ಲಿ ಯಾರೂ ಇಲ್ಲ, ನಾನೂ ಇಲ್ಲ. ಈ ಭಾಗದ ಸಾವಿರಾರು ಮನೆಗಳ ಒಲೆ ಉರಿಯುವುದು ಆ ಕಾರ್ಖಾನೆಗಳಿಂದ. ಆದರೂ ಕಲಬುರಗಿಗೂ ಕಡಲಿಗೂ ಸಂಬಂಧವಿಲ್ಲ ಎನ್ನುವ ಮಾತನ್ನು ಇನ್ನು ಬಿಡಬಹುದು.

ಹೋಗುವವರಿಗೆ ಕೆಲವು ಮಾತು. ದೋಣಿ ಹತ್ತುವ ಮೊದಲು ಆರೋಗ್ಯದ ಫಾರ್ಮ್ ಕೊಡುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಕಿವಿ ಸೋರುವಿಕೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭ ಇದ್ದರೆ ಮುಚ್ಚಿಡಬೇಡಿ. ಐನೂರು ಕಿಲೋಮೀಟರ್ ಬಂದು ಇಳಿಯದೆ ಹೋಗುವುದು ಬೇಸರವೇ, ಆದರೂ ಸುಳ್ಳು ಟಿಕ್ ಹಾಕಬೇಡಿ. ನೆಗಡಿಯಿದ್ದರೆ ಕಿವಿಯ ಒತ್ತಡ ಬಿಡುಗಡೆಯಾಗುವುದಿಲ್ಲ, ಅಂದು ಬೇಡ. ಹಿಂದಿನ ರಾತ್ರಿ ಮದ್ಯವಂತೂ ಬೇಡವೇ ಬೇಡ. ತರಬೇತುದಾರರ ಪ್ರಮಾಣಪತ್ರ ಕೇಳಿ ನೋಡಿ, ಒಬ್ಬರು ಒಂದೇ ಸಲಕ್ಕೆ ಎಷ್ಟು ಜನರನ್ನು ಇಳಿಸುತ್ತಾರೆ ಎಂದೂ ಕೇಳಿ. ಹೊಸಬರಿಗೆ ಒಬ್ಬರಿಗೊಬ್ಬರು ಇದ್ದರೆ ಒಳ್ಳೆಯದು. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಬಟ್ಟೆ ಹಾಕಿ. ಕೆಲವು ಸನ್‌ಸ್ಕ್ರೀನ್‌ಗಳ ರಾಸಾಯನಿಕ ಹವಳಕ್ಕೆ ಹಾನಿ ಎಂದು ಹವಾಯಿ ರಾಜ್ಯ 2021ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದೆ.

ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಹೆಚ್ಚುವರಿ ಸಾರಜನಕ ಕರಗಿರುತ್ತದೆ, ಅದು ನಿಧಾನವಾಗಿ ಹೊರಹೋಗಬೇಕು. ಒಂದು ಡೈವ್ ಆದ ಮೇಲೆ 12 ಗಂಟೆ, ಹಲವು ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು ಎಂಬುದು ನಿಯಮ. ಕಾರಿನವರೂ ಮಧ್ಯಾಹ್ನ ನೀರಿಂದೆದ್ದು ಸಂಜೆಗೇ ಘಟ್ಟ ಹತ್ತುವ ಅವಸರ ಮಾಡದೆ, ಆ ರಾತ್ರಿ ಮುರುಡೇಶ್ವರದಲ್ಲೇ ತಂಗಿ ಬೆಳಿಗ್ಗೆ ಹೊರಡುವುದು ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲಿಗೆ ಡೈವಿಂಗ್ ದೋಣಿಗಳು ಇಳಿಯುವುದಿಲ್ಲ. ತೊಗರಿ ರಾಶಿ ಮುಗಿಸಿ ಜನವರಿ ಕೊನೆಗೆ ಹೊರಟರೆ ಕಡಲು ಶಾಂತವಾಗಿರುತ್ತದೆ, ನೀರು ತಿಳಿಯಾಗಿದ್ದ ದಿನ ಹದಿನೈದು ಮೀಟರ್ ದೂರದ ಮೀನೂ ಕಾಣುತ್ತದೆ.